ಮನೆಯ ಗ್ರೂಪಿಗೆ ಬಂದ ಹಿಟ್ಲರ್ ಮೆಸೇಜು: ದೊಡ್ಡಪ್ಪನಿಗೆ ಏನು ಹೇಳಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ಮೊನ್ನೆ ಭಾನುವಾರ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ದೊಡ್ಡಪ್ಪ ಒಂದು ಮೆಸೇಜು ಹಾಕಿದರು. ನಿಮ್ಮಲ್ಲಿ ಬಹಳ ಜನ ಇದನ್ನು ನೋಡಿರುತ್ತೀರಿ. ಹಿಟ್ಲರನ ಫೋಟೋ, ಕೆಳಗೆ ಅವನ ಮಾತು ಅಂತ ಒಂದು ಸಾಲು. ಯಹೂದಿಗಳನ್ನೆಲ್ಲ ಮುಗಿಸಿಬಿಡಬಹುದಿತ್ತು, ಆದರೆ ನಾನು ಯಾಕೆ ಕೊಂದೆ ಅಂತ ಜಗತ್ತಿಗೆ ಗೊತ್ತಾಗಲಿ ಅಂತ ಕೆಲವರನ್ನು ಉಳಿಸಿದ್ದೇನೆ, ಅನ್ನುವ ಅರ್ಥದ್ದು. ಮೇಲೆ ಎರಡು ಬಾಣದ ಗುರುತು, ಅಂದರೆ ಎಷ್ಟೋ ಕೈ ದಾಟಿ ಬಂದದ್ದು. ಐದು ನಿಮಿಷದಲ್ಲಿ ಇಬ್ಬರು ಹೆಬ್ಬೆರಳು ಎತ್ತಿದರು, ಸೋದರತ್ತೆ ಕೈ ಮುಗಿದರು. ನಾನು ಸಿಟ್ಟಿನಲ್ಲಿ ಏನೇನೋ ಬರೆದು ಗ್ರೂಪಿನಿಂದ ಹೊರಗೆ ಬಂದೆ. ಈಗ ಅಮ್ಮ ದಿನಾ ಫೋನ್ ಮಾಡಿ "ದೊಡ್ಡವರಿಗೆ ಹಾಗೆಲ್ಲ ಅನ್ನಬಾರದಿತ್ತು, ಕ್ಷಮೆ ಕೇಳು" ಅನ್ನುತ್ತಿದ್ದಾರೆ.

ಸಿಟ್ಟು ಯಾಕೆ ಬಂತು ಅಂತ ಹೇಳಬೇಕು. 2016ರಿಂದ 2020ರವರೆಗೆ ನಾನು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿದ್ದೆ. ಸ್ಕ್ವಿರಲ್ ಹಿಲ್ ಅನ್ನುವ ಬಡಾವಣೆ. ಯಹೂದಿಗಳು ತಲೆಮಾರುಗಳಿಂದ ಇರುವ ಜಾಗ, ಕಾರ್ನೆಗಿ ಮೆಲನ್ ಯೂನಿವರ್ಸಿಟಿ ಪಕ್ಕದಲ್ಲೇ ಇರುವುದರಿಂದ ನಮ್ಮ ಹುಡುಗ ಹುಡುಗಿಯರೂ ಬೇಕಾದಷ್ಟು. ನಾನಿದ್ದ ಮನೆಯ ಕೆಳಗಡೆ ಒಬ್ಬ ಯಹೂದಿ ಅಜ್ಜಿ ಇದ್ದರು. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಎರಡು ಮೇಣದ ಬತ್ತಿ ಹಚ್ಚಿ, ಎರಡೂ ಕೈಯಿಂದ ಆ ಬೆಳಕನ್ನು ಮೂರು ಸಲ ತಮ್ಮ ಕಡೆಗೆ ಎಳೆದುಕೊಂಡು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನನಗೆ ಅದು ಮಂಗಳಾರತಿ ತಗೊಂಡ ಹಾಗೇ ಕಾಣುತ್ತಿತ್ತು. ಜಡೆಯ ಹಾಗೆ ಹೆಣೆದ ಹಲ್ಲಾ ಬ್ರೆಡ್ಡು ಕೊಡುವಾಗ "ಇದಕ್ಕೆ ಮೊಟ್ಟೆ ಹಾಕಿದೆ, ನಿನಗೆ ಆಗುತ್ತಾ?" ಅಂತ ಮೊದಲೇ ಕೇಳುತ್ತಿದ್ದರು. ನಾನು ಮೊದಲ ಸಲ ಚಿತ್ರಾನ್ನ ತಗೊಂಡು ಹೋದಾಗ ಅವರಿಗೆ ತುಂಬಾ ಸಂಕೋಚವಾಯಿತು. ನಿನ್ನ ಪಾತ್ರೆಯಲ್ಲಿ ಬೇಯಿಸಿದ್ದನ್ನು ನಾನು ತಿನ್ನುವ ಹಾಗಿಲ್ಲ, ಹಣ್ಣಾದರೆ ಇಡಿಯಾಗಿ ಕೊಡು ಅಂದರು. ನನಗೆ ಬೇಜಾರಾಗಲಿಲ್ಲ. ತೀರ್ಥಹಳ್ಳಿಯಲ್ಲಿ ನಮ್ಮಜ್ಜಿಯ ಮಡಿ ನೋಡಿ ಬೆಳೆದವಳು ನಾನು.

2018ರ ಅಕ್ಟೋಬರ್ 27, ಶನಿವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದಾದ ಮೇಲೆ ಒಂದು ಸೈರನ್. ಟ್ರೀ ಆಫ್ ಲೈಫ್ ಅನ್ನುವ ಸಿನಗಾಗಿಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಒಬ್ಬ ಬಂದೂಕು ಹಿಡಿದು ನುಗ್ಗಿ ಪ್ರಾರ್ಥನೆಗೆ ಬಂದಿದ್ದ 11 ಜನರನ್ನು ಕೊಂದ. ಅಜ್ಜಿ ಶನಿವಾರ ಫೋನ್ ಮುಟ್ಟುವುದಿಲ್ಲ, ಟಿವಿ ಹಾಕುವುದಿಲ್ಲ. ಸುದ್ದಿ ಹೇಳಿದವಳು ನಾನೇ. ಅವರು ಅಳಲಿಲ್ಲ. "ಎಷ್ಟು ಹೊತ್ತಿಗೆ?" ಅಂತ ಕೇಳಿದರು. ಹತ್ತಕ್ಕೆ ಸ್ವಲ್ಪ ಮುಂಚೆ ಅಂದೆ. ಆಗ ಬಾಗಿಲ ಚೌಕಟ್ಟು ಹಿಡಿದುಕೊಂಡು ಒಂದೊಂದೇ ಹೆಸರು ಹೇಳುತ್ತಾ ಹೋದರು. ಅಷ್ಟು ಬೇಗ ಬಂದು ಕೂರುವವರು ವಯಸ್ಸಾದವರು, ಯಾವ ವಾರವೂ ತಪ್ಪಿಸದವರು. ಅವರು ಯಾರು ಯಾರು ಅಂತ ಅಜ್ಜಿಗೆ ಗೊತ್ತಿತ್ತು. ಸತ್ತವರಲ್ಲಿ ಒಬ್ಬರಿಗೆ 97 ವರ್ಷ. ಇನ್ನಿಬ್ಬರು ಅಣ್ಣತಮ್ಮಂದಿರು, ಬುದ್ಧಿ ಸ್ವಲ್ಪ ನಿಧಾನ, ಬಂದವರನ್ನೆಲ್ಲ ನಗುನಗುತ್ತಾ ಒಳಗೆ ಕರೆಯುತ್ತಿದ್ದವರು.

ದೊಡ್ಡಪ್ಪ ಕೆಟ್ಟವರಲ್ಲ. ನನಗೆ ಸೈಕಲ್ ಕಲಿಸಿದವರು. ಅವರ ಜೊತೆ ಜಗಳ ಬೇಡ, ಆದರೆ ಸುಮ್ನೆ ಇರಲೂ ಆಗಲ್ಲ. ಎಲ್ಲಿಂದ ಶುರು ಮಾಡಲಿ?

ಹಾಸನದ ಮೇಷ್ಟ್ರು

ಅಮ್ಮಾ, ಮೊದಲು ಆ ಸಾಲಿನಿಂದಲೇ ಶುರು ಮಾಡಿ. ಅದು ಹಿಟ್ಲರನ ಮಾತೇ ಅಲ್ಲ. ಅವನ ಪುಸ್ತಕದಲ್ಲಿ ಇಲ್ಲ, ಭಾಷಣಗಳಲ್ಲಿ ಇಲ್ಲ. ಯಾರೋ ಕಟ್ಟಿದ್ದು.

ಅದಕ್ಕಿಂತ ಮುಖ್ಯ ಅಂದರೆ ಅವನು ಯಾರನ್ನೂ ಉಳಿಸಲು ಹೋಗಲಿಲ್ಲ. 1942ರ ಜನವರಿ 20ರಂದು ಬರ್ಲಿನ್ ಅಂಚಿನ ವಾನ್‌ಸೀಯಲ್ಲಿ ನಾಜಿ ಅಧಿಕಾರಿಗಳು ಯುರೋಪಿನ ಯಹೂದಿಗಳನ್ನೆಲ್ಲ ಮುಗಿಸುವ ಯೋಜನೆಗೆ ಅಂತ ಸೇರಿದರು. ಆ ಸಭೆಯ ಕಾಗದ ಉಳಿದಿದೆ. ಯಾವ ದೇಶದಲ್ಲಿ ಎಷ್ಟು ಯಹೂದಿಗಳು ಅಂತ ಪಟ್ಟಿ, ಒಟ್ಟು 1 ಕೋಟಿ 10 ಲಕ್ಷಕ್ಕೂ ಮೇಲೆ. ಇನ್ನೂ ಗೆಲ್ಲದ ಇಂಗ್ಲೆಂಡೂ ಅದರಲ್ಲಿದೆ. ಯುದ್ಧಕ್ಕೇ ಬರದ ಐರ್ಲೆಂಡಿನ 4,000 ಜನ ಇದ್ದಾರೆ. ಅಲ್ಬೇನಿಯಾದ 200 ಜನರನ್ನೂ ಬಿಟ್ಟಿಲ್ಲ. ನಾನು ಪಿಯುಸಿ ಮಕ್ಕಳಿಗೆ ಈ ಪಟ್ಟಿಯನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. 200 ಅಂತ ಬರೆದಾಗ ಒಬ್ಬಳು "ಸರ್, ಅದು ನಮ್ಮ ಹಾಸ್ಟೆಲಿನಷ್ಟು ಜನ ಅಲ್ವಾ" ಅಂದಳು. ಕ್ಲಾಸು ಪೂರ್ತಿ ಗಪ್‌ಚಿಪ್ ಆಯಿತು. ಕೊಂದದ್ದು ಸುಮಾರು 60 ಲಕ್ಷ, ಅದರಲ್ಲಿ ಮಕ್ಕಳೇ 15 ಲಕ್ಷದ ಹತ್ತಿರ. ಉಳಿದವರು ಉಳಿದದ್ದು ಅವನು ಸೋತದ್ದರಿಂದ. 1944ರಲ್ಲಿ ಎಲ್ಲ ಕಡೆ ಸೋಲುತ್ತಿರುವಾಗಲೂ ಹಂಗೇರಿಯಿಂದ ಎರಡು ತಿಂಗಳೊಳಗೆ ನಾಲ್ಕು ಲಕ್ಷಕ್ಕೂ ಜಾಸ್ತಿ ಜನರನ್ನು ರೈಲಿನಲ್ಲಿ ತುಂಬಿ ಕಳಿಸಿದರು, ಬಹುಪಾಲು ಆಶ್‌ವಿಟ್ಜ್ ಅನ್ನುವ ಕೊಲ್ಲುವ ಕ್ಯಾಂಪಿಗೇ.

"ಸುಮ್ಮನೆ ಯಾರಾದರೂ ಕೊಲ್ಲುತ್ತಾರಾ, ಅವರೇನೋ ಮಾಡಿರಬೇಕು" ಅನ್ನುತ್ತಾರೆ ನೋಡಿ, ಆ ಮೆಸೇಜಿನ ವಿಷ ಇರುವುದು ಅಲ್ಲೇ. ಹಿಟ್ಲರ್ ಬಂದಾಗ ಜರ್ಮನಿಯಲ್ಲಿ ಯಹೂದಿಗಳು ನೂರಕ್ಕೆ ಒಬ್ಬರೂ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ಸುಮಾರು ಒಂದು ಲಕ್ಷ ಯಹೂದಿಗಳು ಸೈನ್ಯದಲ್ಲಿದ್ದರು, 12,000 ಜನ ಸತ್ತರು. ಅವರ ಮೇಲೇ "ಬೆನ್ನಿಗೆ ಚೂರಿ ಹಾಕಿದರು" ಅಂತ ಅಪವಾದ ಹೊರಿಸಿದರು. ಮೆಡಲ್ ಪಡೆದ ಮಾಜಿ ಸೈನಿಕರನ್ನೂ ಕ್ಯಾಂಪಿಗೆ ಕಳಿಸಿದರು.

ಬಡ್ಡಿ ವ್ಯಾಪಾರದ ಮಾತೂ ಬರುತ್ತದೆ. ಹಳೇ ಯುರೋಪಿನ ಬಹಳಷ್ಟು ಕಡೆ ಅವರಿಗೆ ಜಮೀನು ಇಟ್ಟುಕೊಳ್ಳಲು ಬಿಡಲಿಲ್ಲ, ಕಸುಬಿನ ಸಂಘಗಳಿಗೆ ಸೇರಿಸಲಿಲ್ಲ. ಕ್ರೈಸ್ತರು ಬಡ್ಡಿ ತಗೊಳ್ಳಬಾರದು ಅಂತ ಚರ್ಚಿನ ಕಟ್ಟಳೆ ಇತ್ತು, ಆ ಕೆಲಸ ಇವರ ಪಾಲಿಗೆ ಬಂತು. ಆಮೇಲೆ ಅದನ್ನೇ ಹಿಡಿದು ಬೈದರು. ಪ್ಲೇಗ್ ಬಂದರೆ ಬಾವಿಗೆ ವಿಷ ಹಾಕಿದವರು ಇವರೇ ಅಂತ ಅಪವಾದ ಹೊರಿಸಿದರು. 1349ರಲ್ಲಿ ಸ್ಟ್ರಾಸ್‌ಬರ್ಗ್ ಊರಿನಲ್ಲಿ ನೂರಾರು ಯಹೂದಿಗಳನ್ನು ಸುಟ್ಟರು. ಪ್ಲೇಗು ಇನ್ನೂ ಆ ಊರಿಗೆ ಬಂದೇ ಇರಲಿಲ್ಲ.

ಬೆಣ್ಣೆದೋಸೆ

ಮೇಷ್ಟ್ರೇ, ತಪ್ಪು ತಿಳಿಯಬೇಡಿ, ನೇರವಾಗಿ ಕೇಳುತ್ತೇನೆ. ಇದೆಲ್ಲ ಅಷ್ಟು ದೂರದ ವಿಷಯ ನಮಗ್ಯಾಕೆ? ನಮ್ಮೂರ ಕಡೆ ಇನ್ನೂ ನಮ್ಮವರಿಗೆ ಬೇರೆ ಲೋಟದಲ್ಲಿ ಕಾಫಿ ಕೊಡುವ ಹೋಟೆಲು ಇದೆ. ಅದರ ಬಗ್ಗೆ ಈ ಗ್ರೂಪುಗಳಲ್ಲಿ ಒಬ್ಬರೂ ಹೊರಗೆ ಹೋಗುವಷ್ಟು ಸಿಟ್ಟು ಮಾಡಿಕೊಳ್ಳುವುದಿಲ್ಲ. ತುಂಗಾತೀರ ಅವರ ನೋವು ಸುಳ್ಳು ಅಂತ ನಾನು ಹೇಳುತ್ತಿಲ್ಲ.

ತುಂಗಾತೀರ

ನಿಮ್ಮ ಮಾತು ನಾಟಿತು. ನಾನು ಆ ಲೋಟದ ವಿಷಯಕ್ಕೆ ಗ್ರೂಪು ಬಿಟ್ಟವಳಲ್ಲ, ನಿಜ. ನಮ್ಮಜ್ಜಿಯ ಮಡಿ ಅಂತ ಮೇಲೆ ಪ್ರೀತಿಯಿಂದ ಬರೆದೆ. ಅದೇ ಮಡಿ ಮನೆಯ ಹಿತ್ತಲಲ್ಲಿ ನಿಂತು ನೀರು ಕೇಳಿದವರಿಗೆ ಹೇಗಿತ್ತು ಅಂತ ಬರೆಯಲಿಲ್ಲ. ಅದನ್ನೂ ದೊಡ್ಡಪ್ಪನ ಜೊತೆ ಮಾತಾಡಬೇಕು. ಆದರೆ ಒಂದು ಮುಗಿಸಿ ಇನ್ನೊಂದು ಅಂತ ಸರದಿ ಮಾಡಲು ನನಗೆ ಬರುವುದಿಲ್ಲ. ಕೊಂದವನನ್ನು ಹೊಗಳುವ ಫೋಟೋ ನಮ್ಮ ಮನೆಯ ಗ್ರೂಪಿನಲ್ಲಿದೆ, ನಮ್ಮ ಅಕ್ಕನ 13 ವರ್ಷದ ಮಗನೂ ಆ ಗ್ರೂಪಿನಲ್ಲಿದ್ದಾನೆ.

ಡೊಂಬಿವಲಿ ಕನ್ನಡಿಗ

ದೂರದ್ದು ಅಂತೀರಲ್ಲ, ನಾನು 22 ವರ್ಷದಿಂದ ಮುಂಬೈನಲ್ಲಿದ್ದೇನೆ. 2008ರ ನವೆಂಬರ್ 26ರಂದು ತಾಜ್, ಒಬೆರಾಯ್, ಸಿಎಸ್‌ಟಿ ಅಂತ ಎಲ್ಲರಿಗೂ ನೆನಪಿದೆ. ಕೊಲಾಬಾದ ಗಲ್ಲಿಯೊಳಗೆ ನರಿಮನ್ ಹೌಸ್ ಅಂತ ಒಂದು ಕಟ್ಟಡ. ಹೊರಗಿನವರಿಗೆ ದಾರಿ ಕೇಳದೆ ಸಿಗುವುದಿಲ್ಲ. ಅಲ್ಲಿ ಖಬಾದ್ ಅನ್ನುವ ಯಹೂದಿ ಕೇಂದ್ರ ಇತ್ತು. ಗಡಿಯಾಚೆ ಕೂತವರು ಅದನ್ನೇ ಹುಡುಕಿ ಗುರಿ ಮಾಡಿದರು, ಯಾಕೆಂದರೆ ಅಲ್ಲಿದ್ದವರು ಯಹೂದಿಗಳು. ಅಲ್ಲಿನ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಗೇವ್ರಿಯಲ್ ಹೋಲ್ಟ್ಜ್‌ಬರ್ಗ್, ಅವರ ಹೆಂಡತಿ ರಿವ್ಕಾ, ಜೊತೆಗೆ ಇನ್ನೂ ನಾಲ್ಕು ಜನ ಸತ್ತರು. ಇನ್ನೂ ಎರಡು ವರ್ಷ ತುಂಬದ ಮಗು ಮೋಶೆಯನ್ನು ಎತ್ತಿಕೊಂಡು ಓಡಿಬಂದವರು ಮಗು ನೋಡಿಕೊಳ್ಳುತ್ತಿದ್ದ ಸಾಂಡ್ರಾ ಸ್ಯಾಮ್ಯುಯೆಲ್. ನಮ್ಮ ದೇಶದ ಹೆಣ್ಣುಮಗಳು. ನಿಮ್ಮ ದೊಡ್ಡಪ್ಪನಿಗೆ 26/11 ನೆನಪಿರುತ್ತದೆ, ಅಲ್ಲಿಂದ ಶುರು ಮಾಡಿ.

ಇನ್ನೊಂದು. ಈ ಕಡೆ ಕೊಂಕಣದಲ್ಲಿ ಬೆನೆ ಇಸ್ರೇಲ್ ಅನ್ನುವ ಯಹೂದಿಗಳು ನೂರಾರು ವರ್ಷದಿಂದ ಇದ್ದಾರೆ. ಮನೆಮಾತು ಮರಾಠಿ. ಗಾಣದಿಂದ ಎಣ್ಣೆ ತೆಗೆಯುವುದು ಅವರ ಕಸುಬಾಗಿತ್ತು, ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೆ ಊರವರು "ಶನಿವಾರ್ ತೇಲಿ" ಅಂತ ಕರೆದರು. ಅವರನ್ನು ಊರಿನವರು ಹೊಡೆದು ಓಡಿಸಿದ್ದಿಲ್ಲ.

ಕುಡ್ಲದ ಹುಡುಗಿ

ನಮ್ಮ ಮಂಗಳೂರಿನದೂ ಒಂದು ಇದೆ, ಹೇಳದೆ ಇರಲು ಆಗಲ್ಲ! 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಬಹಳ ವರ್ಷ ಇದ್ದ. ಅವನ ಕಾಗದಪತ್ರ ಕೈರೋದ ಹಳೇ ಸಿನಗಾಗಿನ ಉಗ್ರಾಣದಲ್ಲಿ ಸಿಕ್ಕಿವೆ. ಇಲ್ಲಿ ಅವನದು ಕಂಚಿನ ಪಾತ್ರೆಯ ಕಾರ್ಖಾನೆ ಇತ್ತು. ಯೆಮೆನ್ ದೇಶದ ಏಡನ್ ಬಂದರಿನಿಂದ ಒಡೆದ ಹಳೇ ಪಾತ್ರೆಗಳು ಬರುತ್ತಿದ್ದವು, ಇಲ್ಲಿಯವರು ಕರಗಿಸಿ ಹೊಸದು ಮಾಡಿ ಕಳಿಸುತ್ತಿದ್ದರು. ಇಲ್ಲಿನ ಆಶು ಅನ್ನುವ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿದ ಪತ್ರವೂ ಇದೆ, ಅವಳೇ ಅವನ ಮಕ್ಕಳ ತಾಯಿ ಅನ್ನುತ್ತಾರೆ. ಅವನ ಕೆಲಸಕ್ಕಿದ್ದ, ಹಡಗು ಹತ್ತಿ ಏಡನ್‌ಗೆ ಹೋಗಿಬರುತ್ತಿದ್ದವನ ಹೆಸರು ಬೊಮ್ಮ. ಏಡನ್ನಿನ ವ್ಯಾಪಾರಿಗಳು ಕಾಗದ ಬರೆಯುವಾಗ ಆ ಬೊಮ್ಮನಿಗೂ ನಮಸ್ಕಾರ ತಿಳಿಸುತ್ತಿದ್ದರು. ನಮ್ಮ ಅಜ್ಜನ ಅಣ್ಣನ ಹೆಸರೂ ಬೊಮ್ಮ. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಸೊಲ್ಲಾಪುರದ ಸೊಸೆ

ನಮ್ಮ ಗ್ರೂಪಿನಲ್ಲಿ ಬರುವುದು ಬೇರೆ ಥರ. ಯಹೂದಿಗಳು ಬಸುರಿಯಾದಾಗಲೇ ಗಣಿತದ ಲೆಕ್ಕ ಮಾಡುತ್ತಾರಂತೆ, ಬಾದಾಮಿ ಖರ್ಜೂರ ತಿನ್ನುತ್ತಾರಂತೆ, ಅದಕ್ಕೇ ಮಕ್ಕಳಿಗೆ ಬುದ್ಧಿ ಜಾಸ್ತಿ, ಜಗತ್ತಿನ ಬ್ಯಾಂಕು ಮೀಡಿಯಾ ಎಲ್ಲ ಅವರ ಕೈಯಲ್ಲೇ ಅಂತ. ನಾನೂ ನನ್ನ ನಾದಿನಿ ಬಸುರಿಯಾದಾಗ ಕಳಿಸಿದ್ದೆ. ಅದು ಹೊಗಳಿಕೆ ಅಲ್ವಾ, ಅದರಲ್ಲೇನು ತಪ್ಪು ಅಂತ ನಿಜವಾಗಿ ಕೇಳುತ್ತಿದ್ದೇನೆ.

ತುಂಗಾತೀರ

ಅಕ್ಕಾ, ನೀವು ಕೇಳಿದ್ದು ಒಳ್ಳೆಯದಾಯಿತು. ಕೆಳಗಿನ ಮನೆ ಅಜ್ಜಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಚಳಿಗಾಲದಲ್ಲಿ ಹೀಟರ್ ಬಿಲ್ಲು ಜಾಸ್ತಿ ಬರುತ್ತದೆ ಅಂತ ಒಂದೇ ಕೋಣೆ ಬೆಚ್ಚಗಿಟ್ಟುಕೊಂಡು ಉಳಿದ ಬಾಗಿಲು ಮುಚ್ಚುತ್ತಿದ್ದರು. ಜಗತ್ತಿನ ಬ್ಯಾಂಕು ಅವರ ಕೈಯಲ್ಲಿರಲಿಲ್ಲ.

ಆ ಹೊಗಳಿಕೆ ಎಲ್ಲಿಗೆ ಹೋಗುತ್ತದೆ ಅಂತ ಹೇಳುತ್ತೇನೆ. 2022ರ ಜನವರಿ 15, ಟೆಕ್ಸಸ್‌ನ ಕಾಲಿವಿಲ್ ಅನ್ನುವ ಸಣ್ಣ ಊರು. ಚಳಿ ಇತ್ತು. ಸಿನಗಾಗಿನ ಬಾಗಿಲಿಗೆ ಅಪರಿಚಿತ ಒಬ್ಬ ಬಂದ. ಪಾಪ ಅಂತ ರಬ್ಬಿ ಒಳಗೆ ಕರೆದು ಟೀ ಮಾಡಿಕೊಟ್ಟರು. ಆಮೇಲೆ ಅವನು ಪಿಸ್ತೂಲು ತೆಗೆದು ನಾಲ್ಕು ಜನರನ್ನು ಒತ್ತೆ ಹಿಡಿದ. ಅಮೆರಿಕದ ಜೈಲಿನಲ್ಲಿದ್ದ ಒಬ್ಬ ಹೆಂಗಸನ್ನು ಬಿಡಿಸಬೇಕು ಅಂತ ಅವನ ಬೇಡಿಕೆ. ನ್ಯೂಯಾರ್ಕಿನ ಇನ್ನೊಬ್ಬ ರಬ್ಬಿಗೆ ಫೋನ್ ಮಾಡಿಸಿದ. ಯಹೂದಿಗಳು ಮನಸ್ಸು ಮಾಡಿದರೆ ಸರ್ಕಾರ ಮಾತು ಕೇಳುತ್ತದೆ ಅಂತ ಅವನು ಪೂರ್ತಿ ನಂಬಿದ್ದ. ಸುಮಾರು 11 ಗಂಟೆ ಹೊತ್ತು. ಕೊನೆಗೆ ರಬ್ಬಿ ಅವನ ಮೇಲೆ ಕುರ್ಚಿ ಎಸೆದು ಉಳಿದವರನ್ನು ಕರೆದುಕೊಂಡು ಓಡಿಬಂದರು. "ಎಲ್ಲ ಅವರ ಕೈಯಲ್ಲೇ" ಅಂತ ನಾವು ಮೆಚ್ಚುಗೆಯಿಂದ ಕಳಿಸುವ ಮಾತೇ ಅವನ ತಲೆಯಲ್ಲೂ ಇದ್ದದ್ದು.

ಪಿಟ್ಸ್‌ಬರ್ಗಿನ ಕೊಲೆಗಾರನದೂ ಅದೇ. ಹಯಾಸ್ ಅಂತ ನೂರಕ್ಕೂ ಹೆಚ್ಚು ವರ್ಷದ ಯಹೂದಿ ಸಂಸ್ಥೆ ಇದೆ, ಈಗ ಎಲ್ಲ ಧರ್ಮದ ನಿರಾಶ್ರಿತರಿಗೂ ನೆರವಾಗುತ್ತದೆ. ಅವರು ದೇಶದೊಳಗೆ ದಾಳಿಕೋರರನ್ನು ತುಂಬುತ್ತಿದ್ದಾರೆ ಅಂತ ಇಂಟರ್ನೆಟ್ಟಿನಲ್ಲಿ ಬರೆದಿಟ್ಟು, ನಾನು ಒಳಗೆ ಹೋಗುತ್ತಿದ್ದೇನೆ ಅಂತ ಹೇಳಿ ಹೋದ. ಅವನೂ ಯಾವುದೋ ಗುಂಪಿನಲ್ಲಿ ಕೂತು ದಿನಾ ಅದನ್ನೇ ಓದಿದವನು.

ಹಾಸನದ ಮೇಷ್ಟ್ರು

ಈ "ಎಲ್ಲ ಅವರ ಕೈಯಲ್ಲೇ" ಅನ್ನುವುದಕ್ಕೆ ಒಂದು ಮೂಲ ಇದೆ. 1903ರಲ್ಲಿ ರಷ್ಯಾದಲ್ಲಿ ಒಂದು ಪತ್ರಿಕೆ ಯಹೂದಿ ಹಿರಿಯರ ಗುಪ್ತ ಸಭೆಯ ವರದಿ ಅಂತ ಒಂದನ್ನು ಛಾಪಿಸಿತು. ಪೂರ್ತಿ ಖೋಟಾ. 1921ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಅದನ್ನು ಬಯಲಿಗೆ ಎಳೆಯಿತು. ಫ್ರಾನ್ಸಿನ ಚಕ್ರವರ್ತಿಯನ್ನು ಟೀಕಿಸಿ 1864ರಲ್ಲಿ ಯಾರೋ ಬರೆದ ಪುಸ್ತಕದಿಂದ ಪ್ಯಾರಾ ಪ್ಯಾರಾನೇ ಕದ್ದಿದ್ದರು. ಆ ಮೂಲದಲ್ಲಿ ಯಹೂದಿಗಳ ಮಾತೇ ಇಲ್ಲ. ಆದರೂ ಕಾರಿನ ಹೆನ್ರಿ ಫೋರ್ಡ್ ತನ್ನ ಪತ್ರಿಕೆಯಲ್ಲಿ ಅದನ್ನು ವರ್ಷಗಟ್ಟಲೆ ಹರಡಿದ. 1927ರಲ್ಲಿ ಕ್ಷಮೆ ಕೇಳಿದ, ಅಷ್ಟು ಹೊತ್ತಿಗೆ ಅದು ಜರ್ಮನಿಯಲ್ಲಿ ಮನೆಮನೆ ಸೇರಿತ್ತು.

ಉಳ್ಳಾಲದ ಓದುಗ

ನಾನು ಮುಸ್ಲಿಂ, ಮೊದಲೇ ಹೇಳಿಬಿಡುತ್ತೇನೆ. ಗಾಜಾದಲ್ಲಿ ಸತ್ತ ಮಕ್ಕಳ ಫೋಟೋ ನೋಡಿ ನನ್ನ ಹೆಂಡತಿ ಎಷ್ಟೋ ರಾತ್ರಿ ಊಟ ಮಾಡಿಲ್ಲ. ಇಸ್ರೇಲ್ ಸರ್ಕಾರ ಮಾಡುತ್ತಿರುವುದು ಅನ್ಯಾಯ ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ, ಇಲ್ಲೂ ಹೇಳುತ್ತಿದ್ದೇನೆ. ಅದನ್ನು ಹೇಳಿದ ಕೂಡಲೇ ಯಹೂದಿ ದ್ವೇಷಿ ಅಂತ ಹಣೆಪಟ್ಟಿ ಹಚ್ಚುವವರ ಮೇಲೆ ನನಗೆ ಸಿಟ್ಟಿದೆ.

ಆದರೆ ನಮ್ಮ ಗ್ರೂಪುಗಳಿಗೂ ತುಂಗಾತೀರ ಅವರು ಹೇಳಿದ ಅದೇ ಹಿಟ್ಲರ್ ಫೋಟೋ ಬರುತ್ತದೆ. "ನೋಡಿ, ಅವನು ಹೇಳಿದ್ದು ಸರಿ" ಅಂತ. ನಾನು ಒಂದು ಸಲ ಅಲ್ಲೇ ಬರೆದೆ: ಎಲ್ಲೋ ಬಾಂಬು ಸಿಡಿದರೆ ಆಫೀಸಿನಲ್ಲಿ ನನ್ನ ಮುಖ ನೋಡುತ್ತಾರೆ, ನಾನೇ ಇಟ್ಟ ಹಾಗೆ. ಅದು ಎಷ್ಟು ಸಂಕಟ ಅಂತ ನಮಗೆ ಗೊತ್ತು. ಗೊತ್ತಿದ್ದೂ ನಾವು ಪ್ಯಾರಿಸಿನಲ್ಲಿ ಬ್ರೆಡ್ಡು ಮಾರುವ ಯಹೂದಿಯನ್ನು ಗಾಜಾಕ್ಕೆ ಲೆಕ್ಕ ಕೊಡು ಅನ್ನಬಹುದಾ? ಇಬ್ಬರು ಗ್ರೂಪು ಬಿಟ್ಟರು. ಒಬ್ಬರು ಪರ್ಸನಲ್ ಆಗಿ ಫೋನ್ ಮಾಡಿ "ನೀನು ಹೇಳಿದ್ದು ಸರಿ" ಅಂದರು. 2023ರ ಅಕ್ಟೋಬರ್ 29ರಂದು ರಷ್ಯಾದ ದಾಗೆಸ್ತಾನಿನಲ್ಲಿ ಇಸ್ರೇಲಿನ ಟೆಲ್ ಅವೀವ್‌ನಿಂದ ವಿಮಾನ ಬಂತು ಅಂತ ಗುಂಪು ಏರ್‌ಪೋರ್ಟಿಗೆ ನುಗ್ಗಿ ಯಹೂದಿ ಯಾರು ಅಂತ ಹುಡುಕಿತು, ಕಾರು ನಿಲ್ಲಿಸಿ ಪಾಸ್‌ಪೋರ್ಟ್ ನೋಡಿತು. ಅದರಿಂದ ಗಾಜಾದ ಒಂದು ಮಗುವಿಗೆ ಒಂದು ತುತ್ತು ಅನ್ನ ಸಿಗಲಿಲ್ಲ. ಅದೇ ತಿಂಗಳು ಅಮೆರಿಕದಲ್ಲಿ ಮನೆ ಮಾಲೀಕನೊಬ್ಬ ಪ್ಯಾಲೆಸ್ಟೀನ್ ಮೂಲದ 6 ವರ್ಷದ ಹುಡುಗನನ್ನು ಚಾಕುವಿನಿಂದ ಇರಿದು ಕೊಂದ.

ನನಗೆ ಲಸಾನಾ ಬಥಿಲಿ ಅನ್ನುವ ಹುಡುಗ ತುಂಬಾ ಇಷ್ಟ. ಮಾಲಿ ದೇಶದ ಮುಸ್ಲಿಂ, ಪ್ಯಾರಿಸಿನ ಯಹೂದಿ ಅಂಗಡಿಯಲ್ಲಿ ಕೆಲಸ. 2015ರ ಜನವರಿ 9ರಂದು ಅಲ್ಲಿಗೆ ಬಂದೂಕುಧಾರಿ ನುಗ್ಗಿ ನಾಲ್ಕು ಯಹೂದಿಗಳನ್ನು ಕೊಂದ. ಲಸಾನಾ ಗಿರಾಕಿಗಳನ್ನು ನೆಲಮಾಳಿಗೆಯ ಕೋಲ್ಡ್ ಸ್ಟೋರಿಗೆ ಸೇರಿಸಿ, ಮಿಷನ್ನೂ ಲೈಟೂ ಆರಿಸಿ, ಸದ್ದು ಮಾಡಬೇಡಿ ಅಂತ ಹೇಳಿ ತಾನು ಹೊರಗೆ ಬಂದ. ಪೊಲೀಸರು ಮೊದಲು ಅವನಿಗೇ ಬೇಡಿ ಹಾಕಿದರು. ಆಮೇಲೆ ಒಳಗಿನ ನಕ್ಷೆ ಬರೆದುಕೊಟ್ಟವನು ಅವನೇ.

ತುಂಗಾತೀರ

ಅಣ್ಣಾ, ಓದಿ ಕಣ್ಣು ತುಂಬಿತು. ಪಿಟ್ಸ್‌ಬರ್ಗಿನಲ್ಲೂ ಆ ವಾರ ಮುಸ್ಲಿಮರು ಸೇರಿ ಎರಡು ಲಕ್ಷ ಡಾಲರಿಗೂ ಜಾಸ್ತಿ ಕೂಡಿಸಿದರು, ಅಂತ್ಯಕ್ರಿಯೆಗೆ, ಗಾಯಾಳುಗಳಿಗೆ ಅಂತ. ಪ್ರಾರ್ಥನೆ ಹೊತ್ತಿಗೆ ಹೊರಗೆ ಕಾವಲು ನಿಲ್ಲಬೇಕಾದರೆ ಹೇಳಿ, ಬರುತ್ತೇವೆ ಅಂದರು. ಅವರು ಹಾಗೆ ಹೇಳಿದ ಸಭೆಗೆ ನಾನು ಅಜ್ಜಿಯ ಜೊತೆ ಹೋಗಿದ್ದೆ. ಅಜ್ಜಿ ನನ್ನ ಕೈ ಬಿಡಲೇ ಇಲ್ಲ.

ಬೆಣ್ಣೆದೋಸೆ

ಉಳ್ಳಾಲದವರೇ, ಆಫೀಸಿನಲ್ಲಿ ಮುಖ ನೋಡುವ ಮಾತು ನನಗೂ ಗೊತ್ತಿರುವುದೇ. ಮೇಲೆ ದೂರದ್ದು ಅಂದಿದ್ದನ್ನು ವಾಪಸ್ ತಗೊಳ್ಳುತ್ತೇನೆ. ತುಂಗಾತೀರ ಅವರೇ, ಒಂದು ಸಲಹೆ. ದೊಡ್ಡಪ್ಪನಿಗೆ ಗ್ರೂಪಿನಲ್ಲಿ ಎಲ್ಲರ ಮುಂದೆ ಹೇಳಬೇಡಿ. ಎಲ್ಲರೆದುರು ಸೋಲಲು ಯಾರೂ ಒಪ್ಪುವುದಿಲ್ಲ. ಫೋನ್ ಮಾಡಿ.

ಹಾಸನದ ಮೇಷ್ಟ್ರು

ಒಂದು ಸೇರಿಸುತ್ತೇನೆ, ಅವರು ಖಂಡಿತ ಕೇಳುತ್ತಾರೆ: "ಹಿಟ್ಲರ್ ಬ್ರಿಟಿಷರ ವಿರುದ್ಧ ಇದ್ದ, ನೇತಾಜಿಗೆ ಸಹಾಯ ಮಾಡಿದ." ಹಿಟ್ಲರ್ ತನ್ನ ಪುಸ್ತಕದಲ್ಲಿ ಭಾರತ ಬೇರೆ ಯಾರ ಕೈಗೆ ಹೋಗುವುದಕ್ಕಿಂತ ಇಂಗ್ಲಿಷರ ಕೈಯಲ್ಲೇ ಇರುವುದು ಲೇಸು ಅಂತ ಬರೆದಿದ್ದಾನೆ. 1942ರ ಮೇ ತಿಂಗಳಲ್ಲಿ ನೇತಾಜಿ ಅವನನ್ನು ಭೇಟಿಯಾದಾಗ ಪುಸ್ತಕದಲ್ಲಿ ಭಾರತದ ಬಗ್ಗೆ ಇರುವ ಆ ಮಾತುಗಳನ್ನು ಎತ್ತಿದ್ದರು.

ತುಂಗಾತೀರ

ನಿನ್ನೆ ರಾತ್ರಿ ಫೋನ್ ಮಾಡಿದೆ. ಮೊದಲು ಕ್ಷಮೆ ಕೇಳಿದೆ, ಮಾತಿನ ಧಾಟಿಗೆ ಮಾತ್ರ ಅಂತ ಹೇಳಿಯೇ ಕೇಳಿದೆ. ಮೇಷ್ಟ್ರು ಹೇಳಿದ ಹಾಗೇ ಮೊದಲ ಮಾತು ನೇತಾಜಿ! ಅದಕ್ಕೆ ಉತ್ತರ ಕೊಟ್ಟೆ. ಅವರು ಪೂರ್ತಿ ಒಪ್ಪಲಿಲ್ಲ, "ನೋಡಬೇಕು" ಅಂದರು. ಆಮೇಲೆ ಅಜ್ಜಿ, ಶನಿವಾರ, ಆ ಇಬ್ಬರು ಅಣ್ಣತಮ್ಮಂದಿರು, ಎಲ್ಲ ಹೇಳಿದೆ. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿರಲಿಲ್ಲ, ಹೆದರುತ್ತಾರೆ ಅಂತ. ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನೀನಿದ್ದ ಮನೆಯಿಂದ ಆ ಜಾಗ ಎಷ್ಟು ದೂರ?" ಅಂತ ಕೇಳಿದರು. ನಡೆದರೆ ಹನ್ನೆರಡು ನಿಮಿಷ ಅಂದೆ.

ಇವತ್ತು ಬೆಳಿಗ್ಗೆ ಅವರೇ ಫೋನ್ ಮಾಡಿದರು. ಆ ಮೆಸೇಜು ಅವರಿಗೆ ಬಂದದ್ದು ಬ್ಯಾಂಕಿನ ರಿಟೈರ್ಡ್ ಗೆಳೆಯರ ಗ್ರೂಪಿನಿಂದ, ಅಲ್ಲಿ 180 ಜನ ಇದ್ದಾರೆ. "ಅಲ್ಲಿಗೂ ಹಾಕಬೇಕಲ್ಲೇ, ನನಗೆ ಅಷ್ಟು ಉದ್ದ ಟೈಪ್ ಮಾಡಲು ಬರಲ್ಲ, ನೀನೇ ಕನ್ನಡದಲ್ಲಿ ಬರೆದುಕೊಡು, ನನ್ನ ಹೆಸರಿನಲ್ಲೇ ಹಾಕುತ್ತೇನೆ" ಅಂದರು. ರಾತ್ರಿ ಕೂತು ಬರೆಯುತ್ತೇನೆ. ಮೇಷ್ಟ್ರೇ, ಆ ಪಟ್ಟಿಯ ಅಂಕಿ ಇನ್ನೊಂದು ಸಲ ನೋಡಿ ಹೇಳಿ. ಅಲ್ಬೇನಿಯಾ 200 ಅಲ್ವಾ?

ಹಾಸನದ ಮೇಷ್ಟ್ರು

ಹೌದಮ್ಮಾ, 200. ಐರ್ಲೆಂಡ್ 4,000.